ಅಂಡರ್‌ಹ್ಯಾಂಡ್ ತಾನೆ, ಕೈಗೇನಾಗುತ್ತೆ ಬಿಡ್ರೀ!

ಈ ಶನಿವಾರ ಇಲ್ಲಿ ಅಮೆರಿಕದಲ್ಲಿ ಹುಡುಗಿಯರ ಸಾಫ್ಟ್‌ಬಾಲ್ ಟೂರ್ನಮೆಂಟಲ್ಲಿ ಮತ್ತೆ ಅದೇ ಮಾತು ಕಿವಿಗೆ ಬಿತ್ತು. ಹದಿಮೂರರ ಹುಡುಗಿ, ಪಿಚಿಂಗ್ (ತೋಳನ್ನ ಕೆಳಗಿಂದ ಬೀಸಿ, ಅಂದ್ರೆ ಅಂಡರ್‌ಹ್ಯಾಂಡ್, ಬ್ಯಾಟ್ ಹಿಡಿದವಳಿಗೆ ಚೆಂಡು ಎಸೆಯೋದು) ಶುರು ಮಾಡಿ ವರ್ಷ ತುಂಬಿಲ್ಲ. ಬೆಳಿಗ್ಗೆಯಿಂದ ಅದು ಮೂರನೇ ಪಂದ್ಯ, ಮೂರಕ್ಕೂ ಪಿಚರ್ ಅವಳೇ. ಒಂದೊಂದು ಎಸೆತ ಆದಮೇಲೂ ಭುಜದ ಮುಂಭಾಗವನ್ನ ಒತ್ತಿಕೊಳ್ತಿದ್ದಾಳೆ. ಎಷ್ಟಾಯ್ತು ಎಸೆತ ಅಂದ್ರೆ ಅಪ್ಪನಿಗೂ ಗೊತ್ತಿಲ್ಲ, ಕೋಚ್‌ಗೂ ಗೊತ್ತಿಲ್ಲ. "ಅಂಡರ್‌ಹ್ಯಾಂಡ್ ತಾನೆ, ಕೈಗೇನಾಗುತ್ತೆ ಬಿಡ್ರೀ!" ಅಪ್ಪ ನಮ್ಮವರೇ. ಅಚ್ಚ ಕನ್ನಡದಲ್ಲಿ ಹೇಳಿದ್ದು, ಹಾಗಾಗಿ ನಾನು ತಪ್ಪಾಗಿ ಕೇಳಿಸಿಕೊಂಡೆ ಅನ್ನೋ ಸಮಾಧಾನವೂ ಇಲ್ಲ.

ಸಾಫ್ಟ್‌ಬಾಲ್ ವಿಷಯಕ್ಕೆ ನಾನು ಬಾಯಿ ತೆಗೆದರೆ ಬೇಗ ಮುಚ್ಚಲ್ಲ ಅಂತ ಇಲ್ಲಿರೋರಿಗೆ ಗೊತ್ತೇ ಇದೆ. ಬೇಡದವರು ಈಗಲೇ ಮುಂದೆ ಹೋಗಿ.

ಈ ನಂಬಿಕೆಯ ಮೂಲ ಏನು ಅಂತ ಊಹಿಸೋದು ಕಷ್ಟವಲ್ಲ. ಬೇಸ್‌ಬಾಲ್ ಹುಡುಗರ ಮೊಣಕೈ ಲಿಗಮೆಂಟ್ ಹರಿದು ಟಾಮಿ ಜಾನ್ ಸರ್ಜರಿ ಆಗೋದು ಅಮೆರಿಕದಲ್ಲಿ ಮನೆಮಾತು. ಸಾಫ್ಟ್‌ಬಾಲ್ ಪಿಚರ್‌ಗಳಲ್ಲಿ ಆ ಗಾಯ ಕಡಿಮೆ. ಅಷ್ಟು ನಿಜ. ಆದರೆ ಮೊಣಕೈ ಉಳೀತು ಅಂದಮಾತ್ರಕ್ಕೆ ಭುಜವೂ ಉಳಿಯುತ್ತೆ ಅಂತ ಯಾರು ಹೇಳಿದ್ದು? ವಿಂಡ್‌ಮಿಲ್ ಪಿಚ್ ಅಂದ್ರೆ ಕವಣೆ ಬೀಸಿದ ಹಾಗೆ ಇಡೀ ತೋಳನ್ನ ಪೂರ್ತಿ ಒಂದು ಸುತ್ತು ತಿರುಗಿಸಿ, ಸೊಂಟದ ಪಕ್ಕದಲ್ಲಿ ಚೆಂಡು ಬಿಡೋದು. ಆ ಹೊತ್ತಿಗೆ ತೋಳನ್ನ ಭುಜದ ಗೂಡಿನಿಂದ ಹೊರಗೆ ಎಳೆಯೋ ಬಲ, ಪಳಗಿದ ಪಿಚರ್‌ಗಳಲ್ಲಿ ಅಳೆದಾಗ, ಅವರ ದೇಹದ ತೂಕದ ಹತ್ತಿರ ಹತ್ತಿರ ಬಂದಿದೆ. ಅದನ್ನ ತಡೆದು ಹಿಡಿಯೋದರಲ್ಲಿ ಬೈಸೆಪ್ಸ್ ಸ್ನಾಯುವಿನ ಪಾಲು ದೊಡ್ಡದು, ಮೇಲಿಂದ ಎಸೆಯುವಾಗಿನದಕ್ಕಿಂತ ಇಲ್ಲಿ ಅದು ಹೆಚ್ಚು ದುಡಿಯುತ್ತೆ. ಅದರ ತಂತು ಹಾದುಹೋಗೋದು ಭುಜದ ಮುಂಭಾಗದಲ್ಲೇ. ಆ ಹುಡುಗಿ ಒತ್ತಿಕೊಳ್ತಿದ್ದ ಜಾಗ ಅದೇ, ಸ್ವಾಮಿ.

ತಮಾಷೆ ನೋಡಿ. ಒಂದೇ ಮನೆಯಲ್ಲಿ ಹದಿಮೂರರ ಅವಳಿ ಮಕ್ಕಳಿದ್ದಾರೆ ಅಂದ್ಕೊಳ್ಳಿ. ಹುಡುಗ ಬೇಸ್‌ಬಾಲ್ ಪಿಚರ್, ಹುಡುಗಿ ಸಾಫ್ಟ್‌ಬಾಲ್ ಪಿಚರ್. ಹುಡುಗನಿಗೆ 2014ರಿಂದ ಪಿಚ್ ಸ್ಮಾರ್ಟ್ ಅನ್ನೋ ಮಾರ್ಗಸೂಚಿ ಇದೆ: ದಿನಕ್ಕೆ 95 ಎಸೆತ ಮೀರಬಾರದು, 66 ಮುಟ್ಟಿದರೆ ನಾಲ್ಕು ದಿನ ವಿಶ್ರಾಂತಿ. ಹೈಸ್ಕೂಲ್ ಬೇಸ್‌ಬಾಲ್‌ನಲ್ಲಿ 2017ರಿಂದ ಪ್ರತಿ ರಾಜ್ಯವೂ ಎಸೆತದ ಮಿತಿ ಇಡಲೇಬೇಕು. ಹುಡುಗಿಯ ಆಟಕ್ಕೆ ಅಂಥದ್ದೊಂದು ದೇಶವ್ಯಾಪಿ ನಿಯಮವೇ ಇಲ್ಲ. ಇಂಗ್ಲೆಂಡ್ ಕ್ರಿಕೆಟ್ ಮಂಡಳಿ ಕೂಡ 13ರೊಳಗಿನ ವೇಗದ ಬೌಲರ್‌ಗೆ ಒಂದು ಸ್ಪೆಲ್‌ಗೆ 5 ಓವರ್, ದಿನಕ್ಕೆ 10 ಓವರ್ ಅಂತ ಗೆರೆ ಎಳೆದಿತ್ತು. ಮಗನ ಬೌಲಿಂಗ್ ಆದ್ರೆ ಓವರ್ ಲೆಕ್ಕ ಹಾಕೋ ನಮ್ಮ ಜನ, ಮಗಳ ಪಿಚಿಂಗ್‌ಗೆ ಬಂದಾಗ ಲೆಕ್ಕವನ್ನೇ ಮರೀತಾರೆ. ಅಂಡರ್‌ಹ್ಯಾಂಡ್ ತಾನೆ!

ಈಗ ಯಾರಾದ್ರೂ ಉಯೆನೊ ಹೆಸರು ತೆಗೀತೀರಿ. ತೆಗೀರಿ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಜಪಾನಿನ ಯುಕಿಕೊ ಉಯೆನೊ ಎರಡು ದಿನದಲ್ಲಿ ಮೂರು ಪಂದ್ಯ, 413 ಎಸೆತ ಹಾಕಿ ಅಮೆರಿಕವನ್ನ 3-1ರಿಂದ ಸೋಲಿಸಿ ಚಿನ್ನ ತಂದಳು. ಅದ್ಭುತ, ಕೈಮುಗೀತೀನಿ. ಆಗ ಅವಳಿಗೆ 26 ವರ್ಷ. ಬೆಳೆದು ಗಟ್ಟಿಯಾದ ಮೂಳೆ, ಬೆನ್ನಿಗೆ ವರ್ಷಗಟ್ಟಲೆ ಪಳಗಿದ ಕಾಲು-ಸೊಂಟ, ಎದುರಿಗೆ ಒಲಿಂಪಿಕ್ ಫೈನಲ್. ನಿಮ್ಮ ಮಗಳ ಎದುರಿಗೆ ಇರೋದು 14-ಯು (14 ವರ್ಷದೊಳಗಿನವರ) ಟೂರ್ನಮೆಂಟಿನ ಶನಿವಾರದ ಪೂಲ್ ಮ್ಯಾಚ್, ಅಂದ್ರೆ ಗುಂಪು ಹಂತದ ಪಂದ್ಯ. ಗೆದ್ದರೆ ಒಂದು ಉಂಗುರ ಕೊಡ್ತಾರೆ, ಅದೂ ಬೆರಳಿಗೆ ಸಡಿಲ.

ಇಷ್ಟಕ್ಕೆಲ್ಲ ಕಾರಣ ಒಂದೇ: 'ತಡ ಆಯ್ತು' ಅನ್ನೋ ಭಯ. ಬೇರೆ ಮಕ್ಕಳು ಎಂಟು-ಒಂಬತ್ತಕ್ಕೇ ಶುರು ಮಾಡಿದ್ದಾರೆ, ನಮ್ಮವಳು ಹದಿಮೂರಕ್ಕೆ, ಅದಕ್ಕೆ ದಿನಾ 150 ಎಸೆದು ಸರಿದೂಗಿಸಬೇಕಂತೆ. 2028ರಲ್ಲಿ ಸಾಫ್ಟ್‌ಬಾಲ್ ಒಲಿಂಪಿಕ್ಸ್‌ಗೆ ವಾಪಸ್ ಬರ್ತಿರೋದರಿಂದ ಈ ಭಯಕ್ಕೆ ಇನ್ನಷ್ಟು ಗಾಳಿ. ತಡ ಆಗಿಲ್ಲ ಮಾರಾಯ್ರೆ. ಕಾಲೇಜು ಸ್ಕಾಲರ್‌ಶಿಪ್ಪೇ ಲೆಕ್ಕ ಅಂದ್ರೂ, ಕಾಲೇಜು ಕ್ರೀಡೆ ನಡೆಸೋ ಸಂಸ್ಥೆ ಎನ್‌ಸಿಎಎಯ ಮೊದಲ ಡಿವಿಷನ್ನಿನ ಕೋಚ್‌ಗಳು ಹನ್ನೊಂದನೇ ಕ್ಲಾಸಿನ ಸೆಪ್ಟೆಂಬರ್ 1ಕ್ಕೆ ಮುಂಚೆ ಹುಡುಗಿಯ ಜೊತೆ ನೇಮಕಾತಿ ಮಾತು ಆಡೋ ಹಾಗೇ ಇಲ್ಲ. ಎಂಟನೇ ಕ್ಲಾಸಿನ ಹುಡುಗಿಗೆ ಎರಡು-ಮೂರು ವರ್ಷ ಕೈಯಲ್ಲಿದೆ. ಜೊತೆಗೆ, ಬೇಗ ಶುರು ಮಾಡಿದವರೂ ಈ ವಯಸ್ಸಲ್ಲಿ ದಿಢೀರ್ ಎತ್ತರ ಬೆಳೆದು, ಕೈಕಾಲಿನ ಅಳತೆ ಬದಲಾಗಿ, ಅರ್ಧ ಪಾಠ ಹೊಸದಾಗಿ ಕಲೀತಾರೆ.

ಹಾಗಾದ್ರೆ ಹದಿಮೂರಕ್ಕೆ ಶುರು ಮಾಡಿದವಳು ಏನು ಮಾಡಬೇಕು?

ಮೊದಲ ತಿಂಗಳು 43 ಅಡಿಯನ್ನ ಮರೆತುಬಿಡಿ. ಪಿಚರ್ ನಿಲ್ಲೋ ಜಾಗದಿಂದ ಬ್ಯಾಟ್ ಹಿಡಿದವಳ ಮುಂದಿನ ಹೋಮ್ ಪ್ಲೇಟಿಗೆ 14-ಯುನಲ್ಲಿ ಪೂರ್ತಿ ದೂರ ಅದೇ, 12-ಯುಗೆ 40, 10-ಯುಗೆ 35. ಹೊಸಬಳು ಬಲೆಯಿಂದ 10-12 ಅಡಿಯಲ್ಲಿ ನಿಲ್ಲಲಿ. ಚೆಂಡಿನ ಹೊಲಿಗೆ ಕುದುರೆಲಾಳದ ಆಕಾರದಲ್ಲಿ ತಿರುಗೋ ಕಡೆ, ಆ ಹೊಲಿಗೆಗೆ ಅಡ್ಡವಾಗಿ ಬೆರಳ ತುದಿ ಇಡಬೇಕು. ಅಂಗೈಗೂ ಚೆಂಡಿಗೂ ನಡುವೆ ಸಂದು ಕಾಣಬೇಕು. ಅಂಗೈಗೆ ಒತ್ತಿ ಹಿಡಿದರೆ ಚೆಂಡು ತಿರುಗಲ್ಲ, ಬೆರಳಿಂದ ಜಾರುತ್ತೆ ಅಷ್ಟೆ. 12 ಇಂಚು ಸುತ್ತಳತೆಯ ಚೆಂಡು ಸಣ್ಣ ಕೈಗೆ ದೊಡ್ಡದು, ಎರಡರ ಬದಲು ಮೂರು ಬೆರಳು ಇಟ್ಟರೆ ಯಾರೂ ಕೇಸ್ ಹಾಕಲ್ಲ. ಬೆರಳು ಎಳೆಯೋ ದಿಕ್ಕಿಗೇ ಚೆಂಡಿನ ಸುತ್ತ ಒಂದು ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿ. ಸರಿಯಾಗಿ ಬಿಟ್ಟರೆ ಹಾರುವಾಗ ಆ ಪಟ್ಟಿ ನೇರ ಗೆರೆಯಾಗಿ ಕಾಣುತ್ತೆ, ಬೆರಳು ಪಕ್ಕಕ್ಕೆ ಜಾರಿದರೆ ಓಲಾಡುತ್ತೆ. ಮೂರು ಡಾಲರ್ ಟೇಪ್ ಹೇಳೋ ಸತ್ಯವನ್ನ ಮುನ್ನೂರು ಡಾಲರ್ ರೇಡಾರ್ ಹೇಳಲ್ಲ.

ಆಮೇಲೆ 20-25 ಅಡಿಯಿಂದ ಕೆ-ಡ್ರಿಲ್. ಮುಂದಿನ ಕಾಲು ಆಗಲೇ ಮುಂದೆ ಇಟ್ಟು, ಎಸೆಯೋ ತೋಳು ತಲೆಯ ಮೇಲೆ ಎತ್ತಿ, ಅಲ್ಲಿಂದ ಕೆಳಗೆ ಬೀಸೋದು. ಮೊಣಕೈ ಕಡ್ಡಿಯ ಹಾಗೆ ಸೆಟೆಯಬಾರದು, ಸ್ವಲ್ಪ ಮಡಚಿ ಸಡಿಲವಾಗಿರಬೇಕು. ಚೆಂಡು ಬಿಡೋ ಕ್ಷಣದಲ್ಲಿ ಮುಂಗೈ ಸೊಂಟದ ಪಕ್ಕಕ್ಕೆ ಸವರಿಕೊಂಡು ಹೋಗಬೇಕು. ಮಂಡಿಯೂರಿ ಕೂರಿಸಿ ಮಣಿಕಟ್ಟನ್ನ ಮಾತ್ರ ಗಂಟೆಗಟ್ಟಲೆ ಮಿಡಿಸೋ ಹಳೇ ಅಭ್ಯಾಸ ಇನ್ನೂ ಹಲವು ಕಡೆ ಇದೆ. ನನ್ನ ಮಟ್ಟಿಗೆ ಅದು ಟೈಂ ವೇಸ್ಟ್. ವೇಗ ಬರೋದು ಕಾಲಿನಿಂದ ಸೊಂಟಕ್ಕೆ, ಸೊಂಟದಿಂದ ತೋಳಿಗೆ, ಕೊನೆಗೆ ಮುಂಗೈಯ ತಿರುವಿಗೆ.

ಪೂರ್ತಿ ಎಸೆತಕ್ಕೆ ಬಂದಾಗ ನೆಲದ ಮೇಲೆ ಸುಣ್ಣದಲ್ಲಿ ಒಂದು ಗೆರೆ ಎಳೀರಿ, ಪಿಚಿಂಗ್ ರಬ್ಬರಿನ (ಪಿಚರ್ ಕಾಲಿಡೋ ಪಟ್ಟಿ) ನಡುವಿನಿಂದ ಹೋಮ್ ಪ್ಲೇಟಿಗೆ. ಬಲಗೈಯವಳು ಬಲಗಾಲಿಂದ ತಳ್ಳಿ ಎಡಗಾಲನ್ನ ಮುಂದಿಡ್ತಾಳೆ. ಆ ಎಡಗಾಲು ಗೆರೆಯ ಮೇಲೇ ಇಳೀಬೇಕು, ಹೆಬ್ಬೆರಳು ಸುಮಾರು 45 ಡಿಗ್ರಿ ಬಲಕ್ಕೆ ತಿರುಗಿರಬೇಕು. ಇಲ್ಲೇ ಎಡವಟ್ಟಾಗೋದು. ಕಾಲು ಗೆರೆ ದಾಟಿ ಬಲಕ್ಕೆ ಇಳಿದರೆ ಸೊಂಟ ತೋಳಿನ ದಾರಿಗೆ ಅಡ್ಡ ಬರುತ್ತೆ. ತೋಳು ಸೊಂಟವನ್ನ ಬಳಸಿ ಸುತ್ತು ಹಾಕಬೇಕು, ಆ ಸುತ್ತಿನ ಪೆಟ್ಟೆಲ್ಲ ಭುಜದ ಮುಂಭಾಗಕ್ಕೆ. ಎರಡನೇ ತಪ್ಪು ಸೊಂಟದಿಂದ ಮುಂದಕ್ಕೆ ಬಗ್ಗೋದು: ಕಾಲು ಮಾಡಬೇಕಾದ ಕೆಲಸ ಬೆನ್ನಿಗೂ ಭುಜಕ್ಕೂ ಬೀಳುತ್ತೆ. ಮುಂದಿನ ಕಾಲು ಕುಸಿಯದೆ ಗಟ್ಟಿಯಾಗಿ ತಡೀಬೇಕು, ಮೈ ನೆಟ್ಟಗಿರಬೇಕು. ಹಿಂದಿನ ಕಾಲಿನ ತುದಿ ನೆಲಕ್ಕೆ ಉಜ್ಜಿಕೊಂಡು ಬರುತ್ತೆ, ಶೂ ಹರಿಯುತ್ತೆ, ಒಂದು ಟೋ ಗಾರ್ಡ್ ಹಾಕಿಸಿ. ಆ ಕಾಲನ್ನ ಮುಂದೆ ಇನ್ನೊಂದು ಸಲ ಊರಿ ಮತ್ತೆ ತಳ್ಳಿದರೆ ಅದು ಕ್ರೋ ಹಾಪ್, ಅಂಪೈರ್ ಬಿಡಲ್ಲ.

ಗುರಿಗೋಸ್ಕರ ನಿಧಾನ ಎಸಿ ಅನ್ನೋರೂ ಇದ್ದಾರೆ. ಅದೂ ತಪ್ಪೇ. ತೋಳನ್ನ ನಿಧಾನ ಮಾಡಿ ಚೆಂಡನ್ನ 'ಇಡೋಕೆ' ಹೋದ ಮಗು ಕಲಿತಿದ್ದೆಲ್ಲ ಮರೆಯುತ್ತೆ. ಹತ್ತಿರದಿಂದ, ಬಲೆಗೆ, ಪೂರ್ತಿ ಜೋರಾಗಿ ಎಸೀಲಿ. 35 ಅಡಿಯಿಂದ ಹತ್ತರಲ್ಲಿ ಆರೇಳು ಸ್ಟ್ರೈಕ್ ಜಾಗಕ್ಕೆ (ಪ್ಲೇಟಿನ ಮೇಲೆ, ಬ್ಯಾಟ್ ಹಿಡಿದವಳಿಗೆ ಬಾರಿಸೋಕೆ ಸಿಗೋ ಎತ್ತರಕ್ಕೆ) ಬೀಳೋವರೆಗೂ 43ಕ್ಕೆ ಹೋಗೋದು ಬೇಡ.

ಮೊದಲ ವರ್ಷ ಎರಡೇ ಪಿಚ್: ಫಾಸ್ಟ್‌ಬಾಲ್, ಚೇಂಜ್‌ಅಪ್. ಚೇಂಜ್‌ಅಪ್ ಅಂದ್ರೆ ತೋಳಿನ ವೇಗ ಅದೇ ಇದ್ದು ಚೆಂಡು ಮಾತ್ರ ಗಂಟೆಗೆ ಹತ್ತು ಮೈಲಿಯಷ್ಟು ನಿಧಾನ ಬರಬೇಕು. ತೋಳೇ ನಿಧಾನವಾದರೆ ಬ್ಯಾಟ್ ಹಿಡಿದವಳು ಕಾದು ನಿಂತು ಬಾರಿಸ್ತಾಳೆ. ಆಮೇಲೆ ಡ್ರಾಪ್, ಕೊನೇಲಿ ಕೆಳಗಿಳಿಯೋ ಚೆಂಡು. ಮೇಲೇರೋ ಹಾಗೆ ಕಾಣೋ ರೈಸ್‌ಬಾಲ್? ಹದಿಮೂರರ ಹತ್ತು ಹುಡುಗಿಯರಲ್ಲಿ ಒಂಬತ್ತು ಜನ ರೈಸ್ ಅಂತ ಎಸೆಯೋದು ಬರೀ ಎತ್ತರಕ್ಕೆ ಹಾಕಿದ, ಬುಲೆಟ್ಟಿನ ಹಾಗೆ ಸುತ್ತೋ ಚೆಂಡು. ಅದಕ್ಕೋಸ್ಕರ ಹಿಂದಕ್ಕೆ ವಾಲಿ, ಭುಜ ಇಳಿಸಿ, ಇದ್ದ ಫಾಸ್ಟ್‌ಬಾಲನ್ನೂ ಕೆಡಿಸಿಕೊಳ್ತಾರೆ. "ಆರು ತಿಂಗಳಲ್ಲಿ ಐದು ಪಿಚ್" ಅಂತ ಜಾಹೀರಾತು ಹಾಕೋರಿಗೆ ದೂರದಿಂದ ದೊಡ್ಡ ನಮಸ್ಕಾರ.

ಈಗ ಲೆಕ್ಕ. ಸ್ಟಾಪ್ ಸ್ಪೋರ್ಟ್ಸ್ ಇಂಜುರೀಸ್ ಅಭಿಯಾನದ ಸಲಹೆ 13-14 ವಯಸ್ಸಿಗೆ ಪಂದ್ಯಕ್ಕೆ 80 ಎಸೆತ. ಸತತ ಆಡುವಾಗ ಮೊದಲ ಎರಡು ದಿನ ದಿನಕ್ಕೆ 115, ಮೂರನೇ ದಿನ 80. ಇದು ಪಳಗಿದವಳಿಗೆ. ಹೊಸಬಳಿಗೆ ನಾನು ಹೇಳೋದು ವಾರಕ್ಕೆ ಮೂರು ದಿನ, ಹೆಚ್ಚೆಂದರೆ ನಾಲ್ಕು, ದಿನಕ್ಕೆ ಪೂರ್ತಿ ಜೋರಿನ 60, ಎರಡು ದಿನದ ಮೇಲೆ ಸತತ ಬೇಡ. ಉಳಿದ ದಿನಗಳಲ್ಲಿ ಎರಡು ದಿನ ಸ್ಕ್ವಾಟ್, ಲಂಜ್, ಸೈಡ್ ಪ್ಲ್ಯಾಂಕ್, ರಬ್ಬರ್ ಬ್ಯಾಂಡ್ ಎಳೆಯೋದು. ವರ್ಷದಲ್ಲಿ ಎರಡು-ಮೂರು ತಿಂಗಳು ಪಿಚಿಂಗ್‌ಗೆ ಪೂರ್ತಿ ರಜಾ, ಬೇರೆ ಆಟ ಆಡಲಿ.

ದಣಿವು ಮುಖದಲ್ಲಿ ಕಾಣಲ್ಲ, ಮಣ್ಣಲ್ಲಿ ಕಾಣುತ್ತೆ. ಮುಂದಿನ ಕಾಲು ಇಳಿಯೋ ಗುರುತು ನೋಡ್ತಿರಿ. ಮೊದಲ ಇನ್ನಿಂಗ್‌ಗಿಂತ ಅರ್ಧ ಅಡಿ ಹಿಂದೆ ಬಿತ್ತು ಅಂದ್ರೆ ಕಾಲು ಮುಗೀತು, ಇನ್ನು ತೋಳೊಂದೇ ಎಸೆಯುತ್ತೆ. ಆಗ ಬದಲಿಸಿ, ಸ್ಕೋರ್ ಏನೇ ಇರಲಿ. ತೊಡೆ-ಪೃಷ್ಠ ನೋವು ಮಾಮೂಲಿ, ಎರಡು ದಿನದಲ್ಲಿ ಹೋಗುತ್ತೆ. ಭುಜದ ಮುಂಭಾಗ ಬೆರಳಿಟ್ಟು ತೋರಿಸೋ ನೋವು, ಮುಂಗೈ ಮೂಳೆಯ ಮೇಲೆ ಒತ್ತಿದರೆ ನೋವು, ಇವೆರಡು ಮಾಮೂಲಿ ಅಲ್ಲ. ಮುಂಗೈಯ ಅಲ್ನಾ ಮೂಳೆಯಲ್ಲಿ ಸ್ಟ್ರೆಸ್ ಫ್ರಾಕ್ಚರ್ ಆದ ಪಿಚರ್‌ಗಳಿದ್ದಾರೆ. ಐಸ್ ಹಚ್ಚಿ ಭಾನುವಾರ ಮತ್ತೆ ಇಳಿಸೋದಲ್ಲ, ಸ್ಪೋರ್ಟ್ಸ್ ಡಾಕ್ಟರ್ ಹತ್ತಿರ ಕರ್ಕೊಂಡು ಹೋಗೋದು.

ದುಡ್ಡು ಖರ್ಚು ಮಾಡಲೇಬೇಕು ಅಂತ ಕೈ ತುರಿಸ್ತಿದ್ರೆ ಮೊದಲು ಫೇಸ್ ಮಾಸ್ಕ್ ತಗೊಳ್ಳಿ. ಎಸೆದು ಮುಗಿಸಿದಾಗ ಅವಳು ಬ್ಯಾಟಿಗೆ 37 ಅಡಿ ದೂರದಲ್ಲಿರ್ತಾಳೆ. 60 ಮೈಲಿ ವೇಗದಲ್ಲಿ ಬಾರಿಸಿದ ಚೆಂಡು ಮುಖಕ್ಕೆ ಬರೋಕೆ ಅರ್ಧ ಸೆಕೆಂಡೂ ಬೇಡ. ಆಮೇಲೆ ಕೈಯಲ್ಲಿ ಹಿಡಿದು ಒತ್ತೋ ಕೌಂಟರ್, ಐದಾರು ಡಾಲರ್. ಬಕೆಟ್ ಮೇಲೆ ಕೂತು ಕ್ಯಾಚ್ ಹಿಡಿಯೋ ಅಪ್ಪಂದಿರು ಅದನ್ನ ಅಮ್ಮಂದಿರ ಕೈಗೆ ಕೊಡಿ. ಪಂದ್ಯಕ್ಕೆ ಮುಂಚೆ ಬುಲ್‌ಪೆನ್ನಲ್ಲಿ (ಪಿಚರ್ ಮೈ ಬಿಸಿ ಮಾಡ್ಕೊಳ್ಳೋ ಜಾಗ) ಎಸೆದದ್ದೂ ಎಸೆತವೇ, ಅದನ್ನೂ ಒತ್ತೋಕೆ ಹೇಳಿ.