ಸಿಟ್ಟಿನ ಮತಕ್ಕೆ ಬೆಲೆ ಇದೆಯೇ? ಬ್ರಿಟನ್ನಿನ ಸಣ್ಣ ಪಕ್ಷಗಳು: ಪರ-ವಿರೋಧ

2024ರ ಜುಲೈ 4ರಂದು ಬ್ರಿಟನ್ನಿನಲ್ಲಿ ನಡೆದ ಸಾರ್ವತ್ರಿಕ ಚುನಾವಣೆಯಲ್ಲಿ ಲೇಬರ್ ಮತ್ತು ಕನ್ಸರ್ವೇಟಿವ್ ಪಕ್ಷಗಳೆರಡೂ ಸೇರಿ ಪಡೆದದ್ದು ನೂರಕ್ಕೆ 57ರಷ್ಟು ಮತ. 1951ರಲ್ಲಿ ಇದೇ ಎರಡು ಪಕ್ಷಗಳಿಗೆ ನೂರಕ್ಕೆ 97ರಷ್ಟು ಬಿದ್ದಿತ್ತು. ದೊಡ್ಡವರನ್ನು ಬಿಟ್ಟು ಹೋದ ಮತಗಳಲ್ಲಿ ಒಲವಿನದ್ದೆಷ್ಟು, ಸಿಟ್ಟಿನದ್ದೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. ಆದರೆ "ಇವರಿಗೊಂದು ಪಾಠ ಕಲಿಸೋಣ" ಎಂದು ಸಣ್ಣ ಪಕ್ಷಕ್ಕೆ ಮತ ಹಾಕುವುದು ಸರಿಯೇ ಎಂಬ ಪ್ರಶ್ನೆ ಅಲ್ಲಿ ಈಗ ಪ್ರತಿ ಚುನಾವಣೆಯಲ್ಲೂ ಏಳುತ್ತಿದೆ. ವೀಸಾದ ಮೇಲೆ ಅಲ್ಲಿ ನೆಲೆಸಿರುವ ಭಾರತೀಯ ಪ್ರಜೆಗಳಿಗೂ, ಕಾಮನ್‌ವೆಲ್ತ್ ದೇಶದವರೆಂಬ ಕಾರಣಕ್ಕೆ, ಮತದಾನದ ಹಕ್ಕಿದೆ. ಹಾಗಾಗಿ ಅಲ್ಲಿನ ಕನ್ನಡಿಗರ ಮನೆಗಳಲ್ಲೂ ಈ ವಾದ ನಡೆಯುತ್ತದೆ. ಪರ ಒಂದು ದನಿ, ವಿರೋಧ ಇನ್ನೊಂದು ದನಿ ಕೆಳಗಿವೆ.

ಪರ: ಕೈಬಿಟ್ಟು ಹೋದ ಮತವೇ ಕಿವಿ ತೆರೆಸುತ್ತದೆ

ಇಂಗ್ಲೆಂಡಿನ ವೂಸ್ಟರ್‌ಶೈರಿನಲ್ಲಿ ಕಿಡರ್‌ಮಿನ್‌ಸ್ಟರ್ ಎಂಬ ಊರಿದೆ. ಕಾರ್ಪೆಟ್ ನೇಯ್ಗೆಗೆ ಹೆಸರಾದ ಊರು. 2000ದಲ್ಲಿ ಅಲ್ಲಿನ ಆಸ್ಪತ್ರೆಯ ತುರ್ತು ಚಿಕಿತ್ಸೆ ವಿಭಾಗವನ್ನು ಮುಚ್ಚಿದರು. ಅಂದಿನಿಂದ ನಡುರಾತ್ರಿ ಎದೆನೋವು ಬಂದರೂ, ಮಗು ಮೆಟ್ಟಿಲಿಂದ ಬಿದ್ದರೂ ಸುಮಾರು 15 ಮೈಲಿ ದೂರದ ವೂಸ್ಟರಿಗೆ ಓಡಬೇಕಾಯಿತು. ಊರಿನವರು ಮೊದಲಿಂದಲೂ ಬೇಡ ಬೇಡ ಎಂದು ಹೇಳುತ್ತಲೇ ಇದ್ದರು. ಕ್ಷೇತ್ರದ ಎಂಪಿ ಆಳುವ ಲೇಬರ್ ಪಕ್ಷದವರು, ಸಾಲದ್ದಕ್ಕೆ ಕಿರಿಯ ಮಂತ್ರಿ. ಆದರೂ ಊರಿನ ಮಾತು ಲಂಡನ್ನಿಗೆ ಮುಟ್ಟಲಿಲ್ಲ.

2001ರ ಚುನಾವಣೆಗೆ ಅದೇ ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾಗಿದ್ದ ವೈದ್ಯ ರಿಚರ್ಡ್ ಟೇಲರ್ ನಿಂತರು. ಅವರ ಬೆನ್ನಿಗಿದ್ದದ್ದು ಊರಿನವರೇ ಕಟ್ಟಿಕೊಂಡ 'ಹೆಲ್ತ್ ಕನ್ಸರ್ನ್' ಎಂಬ ಸಣ್ಣ ಗುಂಪು. ಮಂತ್ರಿಯನ್ನು ಅವರು ಸೋಲಿಸಿದ್ದು 17,630 ಮತಗಳ ಅಂತರದಿಂದ, ನೂರಕ್ಕೆ 58ರಷ್ಟು ಮತ ಪಡೆದು. 2005ರಲ್ಲಿ ಇನ್ನೊಮ್ಮೆ ಗೆದ್ದರು. ಒಂದು ಊರು ತನ್ನ ನೋವನ್ನು ಮತಪತ್ರದ ಮೇಲೆ ಇಷ್ಟು ಸ್ಪಷ್ಟವಾಗಿ ಬರೆದದ್ದು ಅಪರೂಪ. ಅದಾದ ಮೇಲೆ ಇಂಗ್ಲೆಂಡಿನಲ್ಲಿ ಯಾವ ಆಸ್ಪತ್ರೆಯ ವಿಭಾಗ ಮುಚ್ಚುವ ಮಾತು ಬಂದರೂ ಆ ಕ್ಷೇತ್ರದ ಎಂಪಿಗೆ ಟೇಲರ್ ಹೆಸರು ನೆನಪಾಗದೆ ಇರುವುದಿಲ್ಲ.

"ಸಣ್ಣ ಪಕ್ಷಕ್ಕೆ ಹಾಕಿದರೆ ಮತ ವ್ಯರ್ಥ" ಎನ್ನುತ್ತಾರೆ. ಈ ಮಾತನ್ನು ಹೆಚ್ಚು ಹೇಳುವವರು ಯಾರು ಎಂದು ಗಮನಿಸಿ. ದಶಕಗಳಿಂದ ಅದಲುಬದಲಾಗಿ ಗದ್ದುಗೆ ಏರಿದ ಎರಡು ಪಕ್ಷಗಳವರೇ. ಬ್ರಿಟನ್ನಿನಲ್ಲೂ ನಮ್ಮಲ್ಲಿರುವಂತೆ ಕ್ಷೇತ್ರದಲ್ಲಿ ಅತಿ ಹೆಚ್ಚು ಮತ ಪಡೆದವನೇ ಗೆದ್ದ, ಉಳಿದವರ ಲೆಕ್ಕ ಅಲ್ಲಿಗೆ ಮುಗಿಯಿತು (ನಾವು ಈ ಪದ್ಧತಿ ಕಲಿತದ್ದೇ ಅವರಿಂದ). ಅಲ್ಲಿನ ಎಷ್ಟೋ ಕ್ಷೇತ್ರಗಳು ತಲೆಮಾರುಗಳಿಂದ ಒಂದೇ ಪಕ್ಷದ ಕೈಯಲ್ಲಿವೆ. ಅಂಥ ಕಡೆ ಇರುವ ಮತದಾರ ಎರಡನೇ ದೊಡ್ಡ ಪಕ್ಷಕ್ಕೆ ಹಾಕಿದರೂ ಫಲಿತಾಂಶ ಬದಲಾಗುವುದಿಲ್ಲ. ಹಾಗಿದ್ದಮೇಲೆ ತನ್ನ ಮನಸ್ಸಿಗೆ ಹತ್ತಿರವಾದವರಿಗೆ ಹಾಕಿದರೆ ಅವನು ಕಳೆದುಕೊಳ್ಳುವುದೇನು?

ಗಳಿಸುವುದಂತೂ ಇದೆ. ಇಂದು ಮೂರನೇ ಸ್ಥಾನಕ್ಕೆ ಬಂದ ಪಕ್ಷ ನಾಳೆ ಎರಡನೆಯದಾಗುತ್ತದೆ, ಎರಡನೇ ಸ್ಥಾನಕ್ಕೆ ಬಂದ ಪಕ್ಷದ ಮಾತಿಗೆ ಮನೆಬಾಗಿಲಲ್ಲಿ ತೂಕ ಬರುತ್ತದೆ. ಪರಿಸರವಾದಿ ಗ್ರೀನ್ ಪಕ್ಷಕ್ಕೆ 2015ರಲ್ಲಿ 11 ಲಕ್ಷ ಮತ ಬಿದ್ದು ಸಿಕ್ಕಿದ್ದು ಬ್ರೈಟನ್ನಿನ ಒಂದೇ ಸೀಟು. ಆ ಮತಗಳೆಲ್ಲ ವ್ಯರ್ಥ ಎಂದರು. 2024ರಲ್ಲಿ ನಾಲ್ಕು ಸೀಟು ಗೆದ್ದು, 40 ಕ್ಷೇತ್ರಗಳಲ್ಲಿ ಎರಡನೇ ಸ್ಥಾನಕ್ಕೆ ಬಂದರು. ಬ್ರಿಸ್ಟಲ್ ಸೆಂಟ್ರಲ್‌ನಲ್ಲಿ ಲೇಬರ್ ಪಕ್ಷದ ಮುಂಚೂಣಿ ನಾಯಕಿಯನ್ನೇ ಸೋಲಿಸಿದರು. ಅದಕ್ಕೂ ಹಿಂದಕ್ಕೆ ಹೋಗಿ ನೋಡಿ: ಇಂದು ಆಳುತ್ತಿರುವ ಲೇಬರ್ ಪಕ್ಷವೇ 1900ರಲ್ಲಿ ಎರಡು ಸೀಟಿನ ಗುಂಪು. ಅಂದಿನ ಗಣಿ ಕಾರ್ಮಿಕರಿಗೂ "ಮತ ಹಾಳುಮಾಡಬೇಡಿ, ಲಿಬರಲ್ಲರಿಗೇ ಹಾಕಿ" ಎಂದವರಿದ್ದರು. 1924ರಲ್ಲಿ ರಾಮ್ಸೆ ಮ್ಯಾಕ್‌ಡೊನಾಲ್ಡ್ ಪ್ರಧಾನಿಯಾದರು. ಕಾರ್ಮಿಕರು ಆ ಬುದ್ಧಿಮಾತು ಕೇಳಿದ್ದರೆ ಇಂದು ಆ ಪಕ್ಷವೇ ಇರುತ್ತಿರಲಿಲ್ಲ.

ಗೆಲ್ಲದೆಯೂ ದಿಕ್ಕು ಬದಲಿಸಬಹುದು ಎಂಬುದಕ್ಕೆ, ಯುರೋಪಿಯನ್ ಒಕ್ಕೂಟ ಬಿಡಬೇಕೆಂದು ಹೋರಾಡಿದ ಯೂಕಿಪ್ ಪಕ್ಷಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 2015ರಲ್ಲಿ ಅದಕ್ಕೆ 38 ಲಕ್ಷಕ್ಕೂ ಹೆಚ್ಚು ಮತ, ಸಿಕ್ಕಿದ್ದು ಒಂದು ಸೀಟು. ಆದರೆ ಅಷ್ಟರೊಳಗೆ ತನ್ನ ಮತಗಳು ಆ ಕಡೆ ಸೋರಿಹೋಗುವುದನ್ನು ನೋಡಿ ಹೆದರಿದ್ದ ಕನ್ಸರ್ವೇಟಿವ್ ಪಕ್ಷ ಜನಮತಗಣನೆಯ ಭರವಸೆ ಕೊಟ್ಟಾಗಿತ್ತು. 2016ರ ಜೂನ್ 23ರಂದು ದೇಶ ಯುರೋಪಿಯನ್ ಒಕ್ಕೂಟದಿಂದ ಹೊರಬರಲು ತೀರ್ಮಾನಿಸಿತು. ಆ ತೀರ್ಮಾನ ನನಗೆ ಇಂದಿಗೂ ಒಪ್ಪಿಗೆಯಿಲ್ಲ. ಆದರೆ ಸಣ್ಣ ಪಕ್ಷದ ಮತಕ್ಕೆ ಬಲವಿಲ್ಲ ಎಂದು ಅದನ್ನು ಕಂಡವರು ಯಾರೂ ಹೇಳಲಾರರು.

ಬೇಡವೆಂದರೆ ಬೇರೆ ದಾರಿ ಯಾವುದು? ನಮ್ಮಲ್ಲಿ 2013ರಿಂದ ನೋಟಾ ಇದೆ, ಬ್ರಿಟನ್ನಿನ ಮತಪತ್ರದಲ್ಲಿ ಅದಿಲ್ಲ. ಮತಪತ್ರದ ಮೇಲೆ ಗೀಚಿ ಸಿಟ್ಟು ತೀರಿಸಿಕೊಂಡರೆ ಆ ಚೀಟಿಯನ್ನು ಅಭ್ಯರ್ಥಿಗಳ ಏಜೆಂಟರಿಗೆ ತೋರಿಸಿ ತಿರಸ್ಕೃತ ಕಟ್ಟಿಗೆ ಸೇರಿಸುತ್ತಾರೆ. ಮನೆಯಲ್ಲೇ ಕೂತರೆ ಅಷ್ಟೂ ಇಲ್ಲ. 2024ರಲ್ಲಿ ನೋಂದಾಯಿತ ಮತದಾರರಲ್ಲಿ ಹತ್ತರಲ್ಲಿ ನಾಲ್ವರು ಮತಗಟ್ಟೆಗೆ ಹೋಗಲಿಲ್ಲ. ಅವರ ಮೌನವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ವಲಸೆಯನ್ನು ವಿರೋಧಿಸುವ ರಿಫಾರ್ಮ್ ಯುಕೆ ಪಕ್ಷಕ್ಕೆ ಹಾಕಿದ 41 ಲಕ್ಷ ಜನರ ಬಗ್ಗೆ ಮಾತ್ರ ಅಂದಿನಿಂದ ಇಂದಿನವರೆಗೆ ಮಾತು ನಿಂತಿಲ್ಲ. ಆ ಪಕ್ಷದ ವಿಚಾರಗಳು ನನಗೆ ಸಮ್ಮತವಲ್ಲ. ಆದರೂ ಬಂದರಿನ, ಮುಚ್ಚಿದ ಕಾರ್ಖಾನೆಯ ಊರುಗಳ ಜನರನ್ನು ಲಂಡನ್ ಮತ್ತೆ ತಿರುಗಿ ನೋಡಿದ್ದು ಅವರು ಹಾಗೆ ಮತ ಹಾಕಿದ ಮೇಲೆಯೇ.

ವಿರೋಧ: ಸಿಟ್ಟನ್ನು ಓದಿ ಹೇಳುವವರು ಬೇರೆ ಯಾರೋ

ಕಿಡರ್‌ಮಿನ್‌ಸ್ಟರ್ ಕತೆ ನನಗೂ ಇಷ್ಟ. ಆದರೆ ಅದು ಸಿಟ್ಟಿನ ಮತದ ಕತೆ ಅಲ್ಲ. ಅಲ್ಲಿ ಊರಿಗೆ ಬೇಕಾದದ್ದು ಒಂದೇ, ಅದನ್ನು ಕೇಳಲು ನಿಂತವರು ಊರೇ ಬಲ್ಲ ವೈದ್ಯರು, ಲಿಬರಲ್ ಡೆಮಾಕ್ರಾಟರು ಅಭ್ಯರ್ಥಿಯನ್ನೇ ನಿಲ್ಲಿಸದೆ ದಾರಿ ಬಿಟ್ಟುಕೊಟ್ಟಿದ್ದರು. ಅದು ನಂಬಿ ಹಾಕಿದ ಮತ. ಹಾಗಿದ್ದೂ ಮುಚ್ಚಿದ ತುರ್ತು ವಿಭಾಗ ಮರಳಿ ಬರಲಿಲ್ಲ. ಇಂದಿಗೂ ಅಲ್ಲಿರುವುದು ಸಣ್ಣಪುಟ್ಟ ಗಾಯ ನೋಡುವ ಘಟಕ. ಇಷ್ಟು ಒಗ್ಗಟ್ಟಿನ ಮತಕ್ಕೇ ಸಿಕ್ಕಿದ್ದು ಇಷ್ಟಾದರೆ, ಯಾರ ಮೇಲೋ ಮುನಿದು ಯಾರಿಗೋ ಹಾಕಿದ ಮತಕ್ಕೆ ಏನು ಸಿಕ್ಕೀತು?

ಮತಗಟ್ಟೆಯಲ್ಲಿ ನಡೆಯುವುದನ್ನು ನೋಡಿ. ಚರ್ಚಿನ ಹಾಲ್ ಅಥವಾ ಶಾಲೆಯ ಕೋಣೆ, ಅದರೊಳಗೆ ಮರದ ಹಲಗೆಯ ಗೂಡು, ದಾರಕ್ಕೆ ಕಟ್ಟಿದ ಪೆನ್ಸಿಲ್. ಒಂದು ಹೆಸರಿನ ಮುಂದೆ ಒಂದು X ಗುರುತು. "ಇವರನ್ನು ಒಪ್ಪಿ ಹಾಕಿದ್ದಲ್ಲ, ಅವರ ಮೇಲಿನ ಬೇಸರಕ್ಕೆ ಹಾಕಿದ್ದು" ಎಂದು ಬರೆಯಲು ಅಲ್ಲಿ ಜಾಗವಿಲ್ಲ. ಮನಸಾರೆ ಬೆಂಬಲಿಸಿದವನ ಗುರುತೂ ಮುನಿಸಿಕೊಂಡವನ ಗುರುತೂ ಒಂದೇ ಕಟ್ಟಿಗೆ ಸೇರುತ್ತವೆ. ಮರುದಿನ ಪಕ್ಷದ ನಾಯಕ ಟಿವಿಯ ಮುಂದೆ ಬಂದು, ಇಷ್ಟು ಲಕ್ಷ ಜನ ನಮ್ಮ ಪ್ರಣಾಳಿಕೆಯ ಪ್ರತಿ ಅಕ್ಷರವನ್ನೂ ಒಪ್ಪಿದ್ದಾರೆ ಎನ್ನುತ್ತಾನೆ. 2009ರಲ್ಲಿ ಎಂಪಿಗಳು ಖರ್ಚುವೆಚ್ಚದ ಹೆಸರಲ್ಲಿ ಸರ್ಕಾರದ ದುಡ್ಡು ಬಾಚಿಕೊಂಡದ್ದು ಬಯಲಾಗಿ ಜನ ಕುದಿಯುತ್ತಿದ್ದರು. ಅದೇ ಜೂನ್‌ನಲ್ಲಿ ನಡೆದ ಯುರೋಪಿಯನ್ ಸಂಸತ್ತಿನ ಚುನಾವಣೆಯಲ್ಲಿ, ಕಪ್ಪು ಮತ್ತು ಕಂದು ಬಣ್ಣದವರನ್ನು ಕಂಡರಾಗದ ಬ್ರಿಟಿಷ್ ನ್ಯಾಷನಲ್ ಪಾರ್ಟಿ ಎರಡು ಸೀಟು ಗೆದ್ದಿತು. ಎಂಪಿಗಳ ಬಿಲ್ಲಿನ ಮೇಲಿನ ಕೋಪ ನಮ್ಮಂಥವರ ಮನೆಬಾಗಿಲಿಗೆ ಬಂದು ನಿಂತದ್ದು ಹೀಗೆ.

ಇನ್ನು ಲೆಕ್ಕ. ಸೌತ್ ವೆಸ್ಟ್ ನಾರ್ಫೋಕ್ ಕ್ಷೇತ್ರದಲ್ಲಿ 2024ರಲ್ಲಿ ಮಾಜಿ ಪ್ರಧಾನಿ ಲಿಜ್ ಟ್ರಸ್ 630 ಮತಗಳಿಂದ ಸೋತರು. ಹಿಂದಿನ ಸಲ ಅಲ್ಲಿ ಅವರ ಗೆಲುವಿನ ಅಂತರ 26,195. ಈ ಸಲ ಗೆದ್ದ ಲೇಬರ್ ಅಭ್ಯರ್ಥಿಗೆ ಬಿದ್ದದ್ದು ನೂರಕ್ಕೆ 26.7. ಟ್ರಸ್‌ಗೆ 25ರ ಮೇಲೆ, ರಿಫಾರ್ಮ್‌ಗೆ 22ರ ಮೇಲೆ, ಟ್ರಸ್ ವಿರುದ್ಧವೇ ನಿಂತ ಪಕ್ಷೇತರರಿಗೆ 14. ನಾಲ್ವರಲ್ಲಿ ಸುಮಾರು ಮೂವರು ಬೇಡವೆಂದ ವ್ಯಕ್ತಿ ಅವರೆಲ್ಲರ ಎಂಪಿ. ಲೇಬರ್ ಸರ್ಕಾರ ಬರುವುದೇ ಬೇಡ ಎಂದವರ ಮತ ಹರಿದು ಹಂಚಿಹೋಗಿ ಲೇಬರನ್ನೇ ಗೆಲ್ಲಿಸಿತು. ಇಡೀ ದೇಶದಲ್ಲೂ ಆದದ್ದು ಇದೇ: ಲೇಬರ್‌ಗೆ ನೂರಕ್ಕೆ 34ರಷ್ಟು ಮತ, ಪಾರ್ಲಿಮೆಂಟಿನಲ್ಲಿ 411 ಸೀಟು. ದೊಡ್ಡವರಿಗೆ ಪಾಠ ಕಲಿಸಲು ಹೊರಟವರು ಒಬ್ಬ ದೊಡ್ಡವನಿಗೆ ಅವನ ಮತಕ್ಕೆ ಮೀರಿದ ಬಹುಮತ ಕೊಟ್ಟು ಮನೆಗೆ ಬಂದರು.

ಸಣ್ಣ ಪಕ್ಷ ಬೆಳೆಯಬಾರದು ಎಂದು ನಾನು ಹೇಳುತ್ತಿಲ್ಲ. ಬೆಳೆಯುವ ದಾರಿ ಬೇರೆ ಇದೆ. ಅದೇ ಚುನಾವಣೆಯಲ್ಲಿ ರಿಫಾರ್ಮ್‌ಗೆ ನೂರಕ್ಕೆ 14 ಮತ, ಐದು ಸೀಟು. ಲಿಬರಲ್ ಡೆಮಾಕ್ರಾಟರಿಗೆ ನೂರಕ್ಕೆ 12 ಮತ, 72 ಸೀಟು. ಇವರು ವರ್ಷಾನುಗಟ್ಟಲೆ ವಾರ್ಡು ವಾರ್ಡು ತಿರುಗಿ, ರಸ್ತೆಗುಂಡಿ, ನದಿಗೆ ಬಿಡುವ ಕೊಳಚೆ ನೀರು, ಡಾಕ್ಟರ ಅಪಾಯಿಂಟ್‌ಮೆಂಟ್ ಎಂದು ಕರಪತ್ರ ಹಂಚಿ, ಗೆಲ್ಲಬಹುದಾದ ಕಡೆ ಮಾತ್ರ ಬೆವರು ಸುರಿಸಿದವರು. ಆ ಊರುಗಳಲ್ಲಿ ಲೇಬರ್ ಬೆಂಬಲಿಗರೂ ಲೆಕ್ಕ ಹಾಕಿ ಅವರಿಗೇ ಹಾಕಿದರು. ಪದ್ಧತಿ ಕೆಟ್ಟದ್ದೇ, ಒಪ್ಪುತ್ತೇನೆ. ಬದಲಿಸುವ ಅವಕಾಶ 2011ರ ಜನಮತಗಣನೆಯಲ್ಲಿ ಬಂದಾಗ ಮತ ಹಾಕಿದವರಲ್ಲಿ ಮೂರರಲ್ಲಿ ಇಬ್ಬರು ಬೇಡ ಎಂದರು. ಅದು ಬದಲಾಗುವ ತನಕ ಇರುವ ಪದ್ಧತಿಯೊಳಗೇ ಮತ ಹಾಕಬೇಕು.

ಸಿಟ್ಟಿನ ಮತ ಗೆದ್ದರೆ ಆಗುವುದೇನು ಎಂಬುದೂ ಗೊತ್ತಿದೆ. 2010ರಲ್ಲಿ ಇರಾಕ್ ಯುದ್ಧದ ಮೇಲಿನ, ಕಾಲೇಜು ಶುಲ್ಕದ ಮೇಲಿನ ಬೇಸರಕ್ಕೆ ಎಷ್ಟೋ ವಿದ್ಯಾರ್ಥಿಗಳು ಲಿಬರಲ್ ಡೆಮಾಕ್ರಾಟರಿಗೆ ಹಾಕಿದರು. ಶುಲ್ಕ ಏರಿಸುವುದಿಲ್ಲ ಎಂದು ಸಹಿ ಹಾಕಿದ್ದ ಆ ಪಕ್ಷ ಸಮ್ಮಿಶ್ರ ಸರ್ಕಾರ ಸೇರಿ, ವರ್ಷ ಮುಗಿಯುವುದರೊಳಗೆ ಮಿತಿಯನ್ನು 9,000 ಪೌಂಡಿಗೆ ಏರಿಸಿತು. 2025ರ ಮೇ 1ರ ಸ್ಥಳೀಯ ಚುನಾವಣೆಯಲ್ಲಿ ರಿಫಾರ್ಮ್ ಹತ್ತು ಕೌನ್ಸಿಲ್‌ಗಳನ್ನು (ಸ್ಥಳೀಯ ಆಡಳಿತ ಸಂಸ್ಥೆಗಳನ್ನು) ಹಿಡಿಯಿತು. ಮತ ಹಾಕಿದವರಲ್ಲಿ ಬಹಳ ಮಂದಿಯ ಸಿಟ್ಟು ಇದ್ದದ್ದು ವಲಸೆಯ ಮೇಲೆ. ಕೆಂಟ್‌ನಂಥ ಕೌಂಟಿ ಕೌನ್ಸಿಲ್‌ಗೆ ವೀಸಾದ ಮೇಲೆ ಅಧಿಕಾರವೇ ಇಲ್ಲ. ಅದರ ದುಡ್ಡಿನ ದೊಡ್ಡ ಪಾಲು ಹೋಗುವುದು ವೃದ್ಧರ, ಅಂಗವಿಕಲರ ಆರೈಕೆಗೆ. ಆ ಆರೈಕೆ ಮಾಡುವವರಲ್ಲಿ ಕೇರಳದವರು, ನೈಜೀರಿಯಾದವರು, ನಮ್ಮವರೂ ಇದ್ದಾರೆ.

"ಸಣ್ಣ ಪಕ್ಷದ ಮತ ದೊಡ್ಡವರ ದಿಕ್ಕು ಬದಲಿಸುತ್ತದೆ" ಎಂಬ ಮಾತು ನಿಜ. ನನ್ನ ಭಯವೇ ಅದು. ರಿಫಾರ್ಮ್ ಹತ್ತು ಕೌನ್ಸಿಲ್ ಹಿಡಿದು ಎರಡು ವಾರವೂ ಆಗಿರಲಿಲ್ಲ, ಕಾಯಂ ವಾಸದ ಅನುಮತಿಗೆ ಸಾಮಾನ್ಯವಾಗಿ ಕಾಯಬೇಕಾದ ಐದು ವರ್ಷವನ್ನು ಹತ್ತಕ್ಕೆ ಏರಿಸುವ ಪ್ರಸ್ತಾಪವನ್ನು ಲೇಬರ್ ಸರ್ಕಾರವೇ ಹೊರಡಿಸಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ರಿಫಾರ್ಮ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆ ಅನುಮತಿಯನ್ನೇ ರದ್ದು ಮಾಡುತ್ತೇವೆ ಎಂದಿತು. ದಿಕ್ಕು ಬದಲಾಯಿತು, ನಮ್ಮ ಜನರ ಕಡೆಗೇ ತಿರುಗಿತು.

ನನಗೆ ಗೊತ್ತಿರುವ ದಾವಣಗೆರೆಯ ಹುಡುಗಿಯೊಬ್ಬಳು 2022ರಲ್ಲಿ ಗಂಡ-ಮಗುವಿನ ಜೊತೆ ಬಂದು ಇಲ್ಲಿ ನರ್ಸ್ ಆಗಿದ್ದಾಳೆ. ಅವಳ ಫ್ರಿಜ್ಜಿನ ಮೇಲೆ ಒಂದು ಚೀಟಿ ಅಂಟಿಸಿದೆ, ಅದರಲ್ಲಿ 2027 ಎಂದು ಬರೆದಿತ್ತು. ಪ್ರಸ್ತಾಪದ ಸುದ್ದಿ ಬಂದ ಮೇಲೆ ಅದರ ಮುಂದೆ ಪೆನ್ನಿನಲ್ಲಿ ಒಂದು ಪ್ರಶ್ನೆ ಗುರುತು ಸೇರಿತು. ಲೇಬರ್ ಮೇಲೆ ಅವಳಿಗಿರುವಷ್ಟು ಸಿಟ್ಟು ಯಾರಿಗೂ ಇರಲಿಕ್ಕಿಲ್ಲ. ಆದರೆ ಮತದಾನದ ಬಗ್ಗೆ ಮಾತು ಬಂದಾಗ ಅವಳು ಕೇಳಿದ್ದು ಒಂದೇ: "ಅಕ್ಕಾ, ನಮ್ಮ ಏರಿಯಾದಲ್ಲಿ ರಿಫಾರ್ಮ್‌ನ ಸೋಲಿಸೋಕೆ ಯಾರಿಗೆ ಹಾಕ್ಬೇಕು?" ಹಿಂದಿನ ಫಲಿತಾಂಶದ ಪಟ್ಟಿಯನ್ನು ಮೊಬೈಲಿನಲ್ಲಿ ತೆಗೆದು, ಇಬ್ಬರೂ ಅಡುಗೆಮನೆಯಲ್ಲೇ ಕೂತು ಒಂದೊಂದೇ ಅಂಕಿ ಕೂಡಿಸಿ ನೋಡಿದೆವು.