ಅಮೆರಿಕದಲ್ಲಿ ಮನೆಯಲ್ಲೇ ಕಾರಿಗೆ ಪೇಂಟ್ ಮಾಡಬಾರದಾ? ಒಂದು ಸ್ಪಷ್ಟನೆ

ಅಮೆರಿಕದಲ್ಲಿ ಸ್ವಂತ ಕಾರಿಗೆ ಗ್ಯಾರೇಜಿನಲ್ಲಿ ಸ್ಪ್ರೇ ಪೇಂಟ್ ಹೊಡೆಯುವುದನ್ನು ಅಲ್ಲಿನ ಪರಿಸರ ಸಂಸ್ಥೆಯಾದ ಇಪಿಎ ನಿಷೇಧಿಸಿದೆ ಎಂಬ ಮಾತು ಓಡಾಡುತ್ತಿದೆ. ಇದು ತಪ್ಪು.

ಇಪಿಎ 2008ರಲ್ಲಿ ಒಂದು ನಿಯಮ ತಂದಿದ್ದು ನಿಜ. ಸೀಸ, ಕ್ರೋಮಿಯಂ, ಕ್ಯಾಡ್ಮಿಯಂ, ನಿಕಲ್, ಮ್ಯಾಂಗನೀಸ್ ಇರುವ ಪೇಂಟ್ ಬಳಸುವ ವರ್ಕ್‌ಶಾಪ್‌ಗಳೇ ಅದರ ಗುರಿ. ಅವರಿಗೆ ಪೇಂಟ್ ಹೊಡೆಯಲು ಫಿಲ್ಟರ್ ಇರುವ ಬೂತ್ (ಮುಚ್ಚಿದ ಕೋಣೆ) ಬೇಕು, ಪೇಂಟರ್‌ಗೆ ತರಬೇತಿ ಆಗಿರಬೇಕು. ಹವ್ಯಾಸಕ್ಕಾಗಿ ಸ್ವಂತ ಗಾಡಿಗೆ ಬಣ್ಣ ಬಳಿಯುವವರಿಗೆ ವಿನಾಯಿತಿ ಇದೆ. ಸ್ನೇಹಿತರ ಕಾರಿಗೆ ಸುಮ್ನೆ, ದುಡ್ಡು ತಗೊಳ್ಳದೆ ಮಾಡಿಕೊಟ್ಟರೂ ಅಷ್ಟೇ.

ಆದರೆ ಒಂದು ಮಿತಿ ಇದೆ. ವರ್ಷಕ್ಕೆ ಎರಡಕ್ಕಿಂತ ಜಾಸ್ತಿ ಗಾಡಿಗಳಿಗೆ ಸ್ಪ್ರೇ ಮಾಡಿದರೆ, ಒಂದು ಪೈಸೆ ಪಡೆಯದಿದ್ದರೂ ನಿಯಮ ಅನ್ವಯಿಸುತ್ತದೆ. ಇದನ್ನು ಎಷ್ಟೋ ಜನ ಗಮನಿಸುವುದೇ ಇಲ್ಲ.

ಇದು ಕೇಂದ್ರದ ನಿಯಮ ಮಾತ್ರ. ಕ್ಯಾಲಿಫೋರ್ನಿಯಾದಂಥ ಕಡೆ ಸ್ಥಳೀಯ ವಾಯು ಮಂಡಳಿಗಳ ನಿಯಮ ಇನ್ನೂ ಬಿಗಿ. ಕೆಲಸ ಶುರು ಮಾಡುವ ಮೊದಲು ಅಲ್ಲಿ ವಿಚಾರಿಸಿ.

ನನಗೆ ಹೆಚ್ಚು ಚಿಂತೆ ಇರುವುದು ಕಾನೂನಿನದ್ದಲ್ಲ. ಹಾರ್ಡನರ್ (ಗಟ್ಟಿಯಾಗಿಸುವ ದ್ರವ) ಬೆರೆಸುವ ಟೂಕೆ (2K) ಪೇಂಟ್‌ನಲ್ಲಿ ಸಾಮಾನ್ಯವಾಗಿ ಐಸೊಸೈನೇಟ್ ಎಂಬ ರಾಸಾಯನಿಕ ಇರುತ್ತದೆ. ಅದರಿಂದ ಆಸ್ತಮಾ ಬರಬಹುದು. ಮಾಮೂಲಿ ಧೂಳಿನ ಮಾಸ್ಕ್ ಅದನ್ನು ತಡೆಯುವುದಿಲ್ಲ. ಹೊರಗಿನ ಶುದ್ಧ ಗಾಳಿ ಪೈಪಿನಲ್ಲಿ ಬರುವ ಮಾಸ್ಕ್ ಇಲ್ಲದಿದ್ದರೆ ಆ ಪೇಂಟ್ ಮುಟ್ಟಲೇಬೇಡಿ.