ಟಿಸಿ ಕೊಳ್ಳುವಾಗ ಯಾರೂ ಓದದ ಎರಡು ಅಂಕಿ

ಟ್ರಾನ್ಸ್‌ಫಾರ್ಮರ್, ಅಂದರೆ ನಮ್ಮ ಮಾತಿನ ಟಿಸಿ, ಕೊಳ್ಳುವವರು ಮೊದಲು ಕೇಳೋದು ರೇಟು. ಆಮೇಲೆ ಸಾಮರ್ಥ್ಯ ಎಷ್ಟು ಕೆವಿಎ, ಯಾವಾಗ ಕೊಡ್ತೀರಿ, ಗ್ಯಾರಂಟಿ ಎಷ್ಟು ವರ್ಷ. "ಇದು ಸುಮ್ಮನೆ ನಿಂತಾಗ ಎಷ್ಟು ಕರೆಂಟ್ ಎಳೆಯುತ್ತೆ?" ಅಂತ ಕೇಳುವವರು ತೀರಾ ಕಡಿಮೆ. ಇದು ನನಗೆ ನಿಜಕ್ಕೂ ಸಂಕಟದ ವಿಷಯ. ಒಮ್ಮೆ ಕಂಬಕ್ಕೇರಿಸಿದ ಟಿಸಿ ಇಪ್ಪತ್ತೈದು ಮೂವತ್ತು ವರ್ಷ ಅಲ್ಲೇ ಇರುತ್ತೆ. ಕೊಳ್ಳುವ ದಿನ ಉಳಿಸಿದ ದುಡ್ಡಿಗೆ ಅಷ್ಟೂ ವರ್ಷ ದಂಡ ತೆರುತ್ತಾ ಇರಬೇಕು.

ಟಿಸಿಯೊಳಗಿನ ನಷ್ಟ ಎರಡು ಬಗೆ. ಒಂದು ಲೋಡ್ ನಷ್ಟ: ವೈಂಡಿಂಗ್‌ನಲ್ಲಿ, ಅಂದರೆ ತಂತಿಯ ಸುರುಳಿಯಲ್ಲಿ, ಕರೆಂಟ್ ಹರಿದಾಗ ಹುಟ್ಟುವ ಬಿಸಿ. ಇದು ಕರೆಂಟಿನ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತೆ. ಲೋಡ್ ಅರ್ಧಕ್ಕಿಳಿದರೆ ನಷ್ಟ ಕಾಲು ಭಾಗಕ್ಕೆ ಇಳಿಯುತ್ತೆ. ಇನ್ನೊಂದು ಖಾಲಿ ನಷ್ಟ, ಅಂದರೆ ಕೋರ್‌ನದು; ಆ ಸುರುಳಿಗಳ ನಡುವೆ ತಗಡು ಜೋಡಿಸಿ ಮಾಡಿದ ಕಬ್ಬಿಣದ ಭಾಗವೇ ಕೋರ್. ಇದಕ್ಕೆ ಲೋಡಿನ ಹಂಗಿಲ್ಲ. ಲೈನ್ ಚಾರ್ಜ್ ಆಗಿದ್ದರೆ ಸಾಕು, ಕೋರ್‌ನ ಕಬ್ಬಿಣದಲ್ಲಿ ಕಾಂತದ ದಿಕ್ಕು ಸೆಕೆಂಡಿಗೆ 50 ಆವರ್ತದಂತೆ ಅತ್ತಿತ್ತ ಹೊರಳುತ್ತಲೇ ಇರುತ್ತೆ. ಹತ್ತಿರ ಹೋದರೆ ಕೇಳುವ ಆ 'ಗುಂಯ್' ಸದ್ದು ಇದರದ್ದೇ. ತಗಡುಗಳು ಸೆಕೆಂಡಿಗೆ 100 ಸಲ ಕಣ್ಣಿಗೆ ಕಾಣದಷ್ಟು ಹಿಗ್ಗಿ ಕುಗ್ಗುತ್ತಿರುತ್ತವೆ. ನಡುರಾತ್ರಿ ಒಂದು ಬಲ್ಬೂ ಉರಿಯದಿದ್ದಾಗಲೂ ಅದು ನಿಲ್ಲೋದಿಲ್ಲ.

ಲೆಕ್ಕ ಹಾಕಿ ನೋಡಿ. 100 ಕೆವಿಎ ಟಿಸಿಯೊಂದರ ಖಾಲಿ ನಷ್ಟ 250 ವ್ಯಾಟ್ ಅಂತಿಟ್ಟುಕೊಳ್ಳಿ. ವರ್ಷಕ್ಕೆ 8760 ಗಂಟೆ, ಅಂದರೆ 2190 ಯೂನಿಟ್. ಅದೇ ಸಾಮರ್ಥ್ಯದ ಟಿಸಿಯಲ್ಲಿ ಈ ನಷ್ಟ 75 ವ್ಯಾಟ್ ಇದ್ದರೆ ಬರೀ 657 ಯೂನಿಟ್. ವ್ಯತ್ಯಾಸ ವರ್ಷಕ್ಕೆ 1533 ಯೂನಿಟ್, 25 ವರ್ಷಕ್ಕೆ 38 ಸಾವಿರ ಯೂನಿಟ್‌ಗೂ ಮಿಕ್ಕಿ. ಇದು ಒಂದೇ ಒಂದು ಟಿಸಿಯ ಕಥೆ. ಒಂದು ಜಾಲದಲ್ಲಿ ಇಂಥವು ಲಕ್ಷಗಟ್ಟಲೆ ಇರುತ್ತವೆ.

'ಎಫಿಷಿಯನ್ಸಿ 98 ಪರ್ಸೆಂಟ್, ಇನ್ನೇನು ಬೇಕು' ಅನ್ನುವ ಮಾತಿಗೆ ದಯವಿಟ್ಟು ಮರುಳಾಗಬೇಡಿ. 98ಕ್ಕೂ 99ಕ್ಕೂ ಕೇಳೋಕೆ ಒಂದೇ ಅಂಕಿಯ ಅಂತರ, ಆದರೆ ನಷ್ಟ ಹೆಚ್ಚುಕಡಿಮೆ ಅರ್ಧಕ್ಕರ್ಧ ಇಳಿದಿರುತ್ತೆ. ಅದೂ ಅಲ್ಲದೆ ಆ ಪರ್ಸೆಂಟ್ ಯಾವ ಲೋಡಿನಲ್ಲಿ ಲೆಕ್ಕ ಹಾಕಿದ್ದು ಅಂತ ಹೇಳದೆ ಹೋದರೆ ಅದಕ್ಕೆ ಅರ್ಥವೇ ಇಲ್ಲ.

ಟಿಸಿಯ ಚರಿತ್ರೆಯ ದೊಡ್ಡ ಭಾಗ ಈ ಕೋರ್ ನಷ್ಟದ ಜೊತೆಗಿನ ಗುದ್ದಾಟವೇ. 1885ರಲ್ಲಿ ಬುಡಾಪೆಸ್ಟ್‌ನ ಗಾಂಜ್ ಕಾರ್ಖಾನೆಯ ಮೂವರು ಎಂಜಿನಿಯರುಗಳು ಮುಚ್ಚಿದ ಕೋರ್‌ನ ಟ್ರಾನ್ಸ್‌ಫಾರ್ಮರ್ ಮಾಡಿದರು. 1930ರ ದಶಕದಲ್ಲಿ ನಾರ್ಮನ್ ಗಾಸ್ ಸಿಲಿಕಾನ್ ಉಕ್ಕಿನ ಹರಳುಗಳನ್ನೆಲ್ಲ ಒಂದೇ ದಿಕ್ಕಿಗೆ ತಿರುಗಿಸುವ ವಿಧಾನ ಕಂಡುಹಿಡಿದರು. ಇವತ್ತು ಮಾಮೂಲಿ ಕೋರ್‌ಗೆ ಬಳಸುವ ಸಿಆರ್‌ಜಿಒ ತಗಡಿನ ಮೂಲ ಅದು. 1960ರಲ್ಲಿ ಕ್ಯಾಲ್‌ಟೆಕ್‌ನಲ್ಲಿ ಪೋಲ್ ಡ್ಯೂವೆ ತಂಡ ಕರಗಿದ ಲೋಹವನ್ನು ಹರಳುಗಟ್ಟುವುದಕ್ಕೂ ಬಿಡದೆ ಥಟ್ಟನೆ ತಣ್ಣಗಾಗಿಸಿತು. ಅಮಾರ್ಫಸ್, ಅಂದರೆ ಹರಳುಗಟ್ಟದ ಲೋಹದ, ಕೋರ್ ಹುಟ್ಟಿದ್ದು ಆ ದಾರಿಯಿಂದ. ಕಬ್ಬಿಣ, ಬೋರಾನ್, ಸಿಲಿಕಾನ್ ಕರಗಿಸಿ, ಜೋರಾಗಿ ತಿರುಗುವ ತಣ್ಣನೆಯ ಚಕ್ರದ ಮೇಲೆ ಹರಿಸಿದರೆ ಸುಮಾರು 0.025 ಮಿಲಿಮೀಟರ್ ದಪ್ಪದ ರಿಬ್ಬನ್ ಸಿಗುತ್ತೆ, ತಲೆಕೂದಲಿಗಿಂತ ತೆಳು. ಸಾಮಾನ್ಯ ಸಿಆರ್‌ಜಿಒ ತಗಡು ಇದರ ಹತ್ತುಪಟ್ಟು ದಪ್ಪ. ಒಳಗೆ ಹರಳಿನ ಗೋಡೆಗಳಿಲ್ಲ, ಹಾಗಾಗಿ ಕಾಂತದ ದಿಕ್ಕು ಸಲೀಸಾಗಿ ಹೊರಳುತ್ತೆ. ತೆಳುವಾಗಿರೋದರಿಂದ ಲೋಹದೊಳಗೇ ಸುತ್ತಿ ಬಿಸಿ ಹುಟ್ಟಿಸುವ ಸುಳಿ ಪ್ರವಾಹವೂ ಕಡಿಮೆ. ಖಾಲಿ ನಷ್ಟ ಮಾಮೂಲಿ ಕೋರ್‌ಗಿಂತ ಸುಮಾರು 70 ಪರ್ಸೆಂಟ್ ಇಳಿಯುತ್ತೆ.

ಅಮಾರ್ಫಸ್ಸಿಗೂ ಕೊರತೆಗಳಿವೆ. ಸಿಆರ್‌ಜಿಒ ಸುಮಾರು 2 ಟೆಸ್ಲಾವರೆಗೆ (ಟೆಸ್ಲಾ ಅಂದರೆ ಕಾಂತದ ತೀವ್ರತೆಯ ಅಳತೆ) ತಡೆದುಕೊಂಡರೆ ಇದು 1.56ರ ಸುಮಾರಿಗೇ ಸ್ಯಾಚುರೇಟ್ ಆಗುತ್ತೆ, ಅಂದರೆ ಇನ್ನು ಹೆಚ್ಚು ಹಿಡಿಸಲಾರದು. ಹಾಗಾಗಿ ಕೋರ್ ದಪ್ಪ, ತೂಕ ಜಾಸ್ತಿ, ರೇಟೂ ಜಾಸ್ತಿ. ರಿಬ್ಬನ್ ಪೆಡಸು, ರಿಪೇರಿಗೆ ಬಿಚ್ಚಿದರೆ ಚೂರು ಚೂರಾಗಿ ಉದುರುತ್ತೆ.

ಹಾಗಾಗಿ ಎಲ್ಲ ಕಡೆಗೂ ಇದನ್ನೇ ಹಾಕಿ ಅಂತ ನಾನು ಹೇಳಲಾರೆ. ದಿನದ ಬಹುಪಾಲು ಲೋಡ್ ಇಲ್ಲದ ಮನೆ ಲೈನ್‌ಗಳಿಗೆ, ಹಳ್ಳಿಯ ಟಿಸಿಗಳಿಗೆ ಅಮಾರ್ಫಸ್ ಹೇಳಿ ಮಾಡಿಸಿದ್ದು. ಸೋಲಾರ್ ಪಾರ್ಕಿನ ಟ್ರಾನ್ಸ್‌ಫಾರ್ಮರೂ ಅಷ್ಟೇ: ರಾತ್ರಿಯಿಡೀ ಉತ್ಪಾದನೆ ಇಲ್ಲ, ಆದರೂ ಚಾರ್ಜ್ ಆಗಿಯೇ ನಿಂತು ಗ್ರಿಡ್‌ನಿಂದ ಕರೆಂಟ್ ಎಳೆಯುತ್ತಿರುತ್ತೆ. ಮೂರು ಪಾಳಿಯಲ್ಲೂ ಭರ್ತಿ ಲೋಡ್ ಓಡುವ ಕಾರ್ಖಾನೆಗೆ ಮಾತ್ರ ಲೋಡ್ ನಷ್ಟವೇ ಮುಖ್ಯ. ಅಲ್ಲಿ ವೈಂಡಿಂಗ್‌ನ ತಾಮ್ರ ದಪ್ಪ ಇರಲಿ. ಆಸ್ಪತ್ರೆ, ಎತ್ತರದ ಕಟ್ಟಡಗಳ ಒಳಗೆ ಬೆಂಕಿಯ ಭಯ ಇರೋದರಿಂದ ಎಣ್ಣೆಯೇ ಇಲ್ಲದ ಡ್ರೈ ಟೈಪ್ ಅಥವಾ ಬೇಗ ಹೊತ್ತಿಕೊಳ್ಳದ ಎಸ್ಟರ್ ಎಣ್ಣೆಯದ್ದು ಬೇಕಾಗುತ್ತೆ.

ನನಗೆ ಸಿಟ್ಟು ಬರುವ ಜಾಗ ರಿಪೇರಿ. ಸುಟ್ಟ ಟಿಸಿಯನ್ನು ರಿವೈಂಡ್ ಮಾಡುವಾಗ ಕೋರ್ ತಗಡುಗಳನ್ನು ಒಂದೊಂದಾಗಿ ಬಿಚ್ಚಿ, ಮತ್ತೆ ಜೋಡಿಸಿ, ಬಡಿದು ಕೂರಿಸುತ್ತಾರೆ. ಮೂಲೆಗಳಲ್ಲಿ ಸಂದು ಬಿಟ್ಟರೆ, ತಗಡು ಬಾಗಿದರೆ, ಮೇಲಿನ ಲೇಪ ಕಿತ್ತುಬಂದರೆ ಖಾಲಿ ನಷ್ಟ ಏರುತ್ತೆ. ವೋಲ್ಟೇಜ್ ಸರಿಯಾಗಿ ಬಂತಾ, ಮುಗೀತು, ವಾಪಸ್ ಕಂಬಕ್ಕೆ! ಎಲ್‌ಟಿ (ಕಡಿಮೆ ವೋಲ್ಟೇಜ್) ಕಡೆಗೆ ಪೂರ್ತಿ ವೋಲ್ಟೇಜ್ ಕೊಟ್ಟು, ಎಚ್‌ಟಿ (ಹೆಚ್ಚು ವೋಲ್ಟೇಜ್) ಕಡೆ ತೆರೆದಿಟ್ಟು, ವ್ಯಾಟ್‌ಮೀಟರ್ ಓದಿದರೆ ಖಾಲಿ ನಷ್ಟ ಎಷ್ಟು ಅಂತ ಅಷ್ಟರಲ್ಲೇ ಗೊತ್ತಾಗುತ್ತೆ. ಎಚ್‌ಟಿ ತುದಿಯಲ್ಲಿ ಪೂರ್ತಿ ಹೈವೋಲ್ಟೇಜ್ ಇರುತ್ತೆ, ಅದಕ್ಕೆ ತಕ್ಕ ಎಚ್ಚರ ಬೇಕು, ಅಷ್ಟೇ. ಇಷ್ಟನ್ನೂ ಮಾಡದೆ ಬಿಡೋದಕ್ಕೆ ಯಾವ ಸಬೂಬೂ ಇಲ್ಲ.

ಟೆಂಡರಿನಲ್ಲಿ ಕಡಿಮೆ ರೇಟಿನವರನ್ನೇ ಆರಿಸುವ ಪದ್ಧತಿ ಹೋಗಬೇಕು. ಬೆಲೆಗೆ ಎರಡೂ ನಷ್ಟಗಳ ಜೀವಮಾನದ ಖರ್ಚು ಸೇರಿಸಿ, ಆ ಮೊತ್ತದಲ್ಲಿ ಕಡಿಮೆ ಇರುವವರಿಗೆ ಆರ್ಡರ್ ಕೊಡಬೇಕು. ಯುರೋಪಿಯನ್ ಒಕ್ಕೂಟ ಈ ನಷ್ಟಗಳಿಗೆ ಕಾನೂನಿನಲ್ಲೇ ಮಿತಿ ಹಾಕಿದೆ: 2021ರ ಜುಲೈನಿಂದ ಅಲ್ಲಿ ಎಣ್ಣೆ ತುಂಬಿದ ಸಾಮಾನ್ಯ 100 ಕೆವಿಎ ಟಿಸಿಯ ಖಾಲಿ ನಷ್ಟ 130 ವ್ಯಾಟ್, ಲೋಡ್ ನಷ್ಟ 1250 ವ್ಯಾಟ್ ದಾಟುವಂತಿಲ್ಲ. ನೀವು ಕೊಳ್ಳುವಾಗ ಇದನ್ನೇ ಅಳತೆಗೋಲು ಮಾಡಿಕೊಳ್ಳಬಹುದು.

ಆರ್ಡರಿನಲ್ಲೇ ಈ ಎರಡು ಅಂಕಿ ಬರೆಸಿ. ಮಾಲು ಬಂದಾಗ ಟೆಸ್ಟ್ ರಿಪೋರ್ಟ್ ಕೇಳಿ, ಅದರ ಮೇಲಿನ ಸೀರಿಯಲ್ ನಂಬರ್ ನೇಮ್‌ಪ್ಲೇಟ್‌ನದಕ್ಕೆ ತಾಳೆಯಾಗುತ್ತಾ ನೋಡಿ. ಎರಡೂ ನಷ್ಟಗಳನ್ನು ಪ್ರತಿಯೊಂದು ಟಿಸಿಗೂ ಅಳೆಯಲೇಬೇಕು. ಅದೇ ಮಾದರಿಯ ಬೇರೆ ಟಿಸಿಯ ರಿಪೋರ್ಟ್ ತೋರಿಸಿದರೆ ಒಪ್ಪಿಕೊಳ್ಳಬೇಡಿ.